ಸ್ಕಿಲ್ ಟೆಸ್ಟಿಗೆ ಮೊದಲು ರೇಡಿಯೋ ಪರೀಕ್ಷೆ ಮುಗಿದಿರಲಿ: ಡಿಜಿಸಿಎಗೂ ಹಾರಾಟ ಕಲಿಸುವವರಿಗೂ ಬಹಿರಂಗ ಪತ್ರ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಹಾನಿರ್ದೇಶಕರಿಗೆ, ಹಾಗೂ ಹಾರಾಟ ತರಬೇತಿ ಸಂಸ್ಥೆಗಳ ಮುಖ್ಯ ಬೋಧಕರಿಗೆ,

ನಮಸ್ಕಾರ.

ಖಾಸಗಿ ಪೈಲಟ್ ಲೈಸೆನ್ಸಿನ (ಪಿಪಿಎಲ್) ಹಾದಿಯಲ್ಲಿ ರೇಡಿಯೋ ಪರೀಕ್ಷೆ ಯಾವ ಹಂತದಲ್ಲಿ ಬರಬೇಕು ಎಂಬ ಒಂದೇ ವಿಷಯಕ್ಕೆ ಈ ಪತ್ರ. ನಮ್ಮ ಕೋರಿಕೆ ಇಷ್ಟೇ: ಸ್ಕಿಲ್ ಟೆಸ್ಟಿಗೆಂದು, ಅಂದರೆ ಪರೀಕ್ಷಕರೆದುರು ಹಾರಿಸಿ ತೋರಿಸುವ ಪರೀಕ್ಷೆಗೆಂದು, ವಿದ್ಯಾರ್ಥಿ ವಿಮಾನ ಹತ್ತುವಾಗ ರೇಡಿಯೋ ಪರೀಕ್ಷೆ ಪಾಸಾಗಿರಬೇಕು. ಅದು ಎಲ್ಲರಿಗೂ ಸಾಧ್ಯವಾಗುವಂತೆ ಪರೀಕ್ಷೆಯನ್ನು ಮೇಲಿಂದ ಮೇಲೆ, ಹಾರಾಟ ಶಾಲೆಗಳಿರುವ ಊರುಗಳಲ್ಲೇ ನಡೆಸಬೇಕು. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಕಡ್ಡಾಯ ಮಾಡಿದರೆ ಮಕ್ಕಳು ಪರೀಕ್ಷೆಯ ದಿನಾಂಕ ಕಾಯುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳುತ್ತಿದ್ದೇವೆ.

ಈಗಲೇ ಕೇಳುವುದಕ್ಕೆ ಕಾರಣವಿದೆ. ದಶಕಗಳ ಕಾಲ ಆರ್‌ಟಿಆರ್-ಎ ಎಂಬ ಈ ರೇಡಿಯೋ ಪರೀಕ್ಷೆ ನಡೆಸಿದ್ದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ. ಅಲ್ಲಿ ಪಾಸಾಗಿ ಪ್ರಮಾಣಪತ್ರ ತಂದವರಿಗೆ ಡಿಜಿಸಿಎ ಎಫ್‌ಆರ್‌ಟಿಒಎಲ್, ಅಂದರೆ ವಿಮಾನದೊಳಗಿನ ರೇಡಿಯೋ ಬಳಸುವ ಲೈಸೆನ್ಸ್ ಕೊಡುತ್ತಿತ್ತು. ಹಾರುವ ಅರ್ಹತೆ ಒಂದು ಸಚಿವಾಲಯದ ಕೈಯಲ್ಲಿ, ಮಾತಾಡುವ ಅರ್ಹತೆ ಇನ್ನೊಂದರ ಕೈಯಲ್ಲಿ. ಇಬ್ಬರ ವೇಳಾಪಟ್ಟಿಗೂ ಹೊಂದಾಣಿಕೆ ಇರಲಿಲ್ಲ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದು 2025ರ ಜನವರಿ 1ರಿಂದ ಜಾರಿಯಾದ ಭಾರತೀಯ ವಾಯುಯಾನ ಅಧಿನಿಯಮ ಈ ಹೊಣೆಯನ್ನು ವಿಮಾನಯಾನದ ಕಡೆಗೇ ತಂದಿದೆ. ತರಬೇತಿ, ಹಾರಾಟದ ಪರೀಕ್ಷೆ, ರೇಡಿಯೋ ಪರೀಕ್ಷೆ ಮೂರೂ ಒಂದೇ ಸೂರಿನಡಿ ಬರುವುದು ಈ ದೇಶದಲ್ಲಿ ಇದೇ ಮೊದಲು. ಹಳೆಯ ಪರೀಕ್ಷೆಯನ್ನೇ ಹೊಸ ಕಚೇರಿಯಿಂದ ನಡೆಸಿಬಿಟ್ಟರೆ ಸಿಕ್ಕ ಅವಕಾಶ ಕೈತಪ್ಪಿದಂತೆಯೇ.

ರೇಡಿಯೋಗೆ ಬೇರೆ ಲೈಸೆನ್ಸ್ ಯಾಕೆ ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಉತ್ತರ 1944ರ ಷಿಕಾಗೋ ಒಪ್ಪಂದದಲ್ಲಿದೆ. ವಿಮಾನದ ಪ್ರಸಾರ ಉಪಕರಣವನ್ನು ಬಳಸುವವರು ಆ ವಿಮಾನ ನೋಂದಣಿಯಾದ ದೇಶದಿಂದ ಅದಕ್ಕೆಂದೇ ವಿಶೇಷ ಲೈಸೆನ್ಸ್ ಪಡೆದ ಸಿಬ್ಬಂದಿಯೇ ಆಗಿರಬೇಕೆಂದು ಅದರ 30ನೇ ವಿಧಿ ಹೇಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಗಳ 37ನೇ ವಿಧಿ ಆ ಪ್ರಮಾಣಪತ್ರಕ್ಕೆ ಸಂಬಂಧಿಸಿದ್ದು. ವಿಮಾನದಲ್ಲಿ ಕೂರಿಸಿದ ರೇಡಿಯೋ ಸೆಟ್ಟಿಗೂ ಅದರದೇ ಪರವಾನಗಿ ಬೇಕು. ಹಾಗಾಗಿ ಪಿಪಿಎಲ್ ಕೈಯಲ್ಲಿದ್ದು ರೇಡಿಯೋ ಲೈಸೆನ್ಸ್ ಇಲ್ಲದವರು ಟವರ್ ಇರುವ ಯಾವ ನಿಲ್ದಾಣದಿಂದಲೂ ತಾವೇ ಪೈಲಟ್ ಇನ್ ಕಮಾಂಡ್ ಆಗಿ ಹೊರಡುವಂತಿಲ್ಲ. ಆ ಪಿಪಿಎಲ್ ಇದ್ದೂ ಇಲ್ಲದಂತೆ.

ಈಗಿನ ಕ್ರಮ ಹೇಗಿದೆ ನೋಡಿ. ಹದಿನೇಳು ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಕ್ಲಾಸ್ 2 ವೈದ್ಯಕೀಯ ಪ್ರಮಾಣಪತ್ರ ಬೇಕು, ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಹವಾಮಾನ ಶಾಸ್ತ್ರದಂಥ ವಿಷಯಗಳಲ್ಲಿ ಪಾಸಾಗಬೇಕು, 40 ಗಂಟೆ ಹಾರಿರಬೇಕು. ಇದೆಲ್ಲ ಒಂದರ ಹಿಂದೆ ಒಂದು ನಡೆದುಕೊಂಡು ಹೋಗುತ್ತದೆ. ರೇಡಿಯೋ ಮಾತ್ರ ಬಹಳ ಕಡೆ ಕೊನೆಗೆ ಉಳಿಯುತ್ತದೆ. ‘ಮೊದಲು ಹಾರಾಟ ಮುಗಿಸು, ಆರ್‌ಟಿಆರ್ ಆಮೇಲೆ ನೋಡೋಣ’ ಎನ್ನುವುದು ಹ್ಯಾಂಗರುಗಳಲ್ಲಿ ಕೇಳಿಬರುವ ಮಾಮೂಲು ಸಲಹೆ. ಪರೀಕ್ಷೆ ಕೆಲವೇ ದೊಡ್ಡ ನಗರಗಳಲ್ಲಿ, ಅಪರೂಪಕ್ಕೆ ನಡೆಯುತ್ತಿದ್ದ ಕಾಲದಲ್ಲಿ ಈ ಸಲಹೆ ಕೊಟ್ಟವರನ್ನು ತಪ್ಪು ಎನ್ನಲಾಗದು. ಆದರೆ ಅದರಿಂದ ಆಗುವ ನಷ್ಟ ದೊಡ್ಡದು. ಹಾರಾಟದ ಪರೀಕ್ಷೆಗಳಿಗೆ ಆಯುಷ್ಯವಿದೆ, ಲೈಸೆನ್ಸಿಗೆ ಅರ್ಜಿ ಹಾಕುವ ದಿನಕ್ಕೆ ಅವು ತಾಜಾ ಇರಬೇಕು. ರೇಡಿಯೋ ಫಲಿತಾಂಶ ತಡವಾದರೆ ಪಾಸಾದ ಸ್ಕಿಲ್ ಟೆಸ್ಟ್ ಹಳತಾಗಿ, ಗಂಟೆಗೆ ಹತ್ತು ಸಾವಿರ ರೂಪಾಯಿ ಮೀರುವ ಖರ್ಚಿನಲ್ಲಿ ಮತ್ತೆ ಹಾರಬೇಕಾಗುತ್ತದೆ. ಈ ನಡುವೆ ಕೈ ಪಳಗಿದ್ದೂ ಮರೆಯುತ್ತದೆ.

ಹಣಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಸುರಕ್ಷತೆ. ಪಿಪಿಎಲ್‌ಗೆ ಮುನ್ನ ವಿದ್ಯಾರ್ಥಿ ಒಬ್ಬಂಟಿಯಾಗಿ ಕ್ರಾಸ್-ಕಂಟ್ರಿ ಹಾರಿ, ತನ್ನದಲ್ಲದ ನಿಲ್ದಾಣಗಳಲ್ಲಿ ಇಳಿದು ಬರಬೇಕು. ಅಲ್ಲಿಯ ಕಂಟ್ರೋಲರ್ ದನಿ ಹೊಸದು, ಟ್ಯಾಕ್ಸಿವೇ ಹೊಸದು, ಪಕ್ಕದ ಸೀಟು ಖಾಲಿ. ರೇಡಿಯೋ ಜ್ಞಾನ ನಿಜವಾಗಿ ಬೇಕಾಗುವುದು ಆ ಹೊತ್ತಿಗೆ. ಅದನ್ನು ಹೊರಗಿನವರೊಬ್ಬರು ಪರೀಕ್ಷಿಸುವುದು ಆ ಹಾರಾಟವೆಲ್ಲ ಮುಗಿದ ಮೇಲೆ. ಬೆಂಗಳೂರಿನ ಜಕ್ಕೂರು ವಿಮಾನ ತಾಣವನ್ನೇ ತೆಗೆದುಕೊಳ್ಳಿ. ನೆಲ ಬಿಟ್ಟ ಕೂಡಲೇ ಸುತ್ತಮುತ್ತ ಯಲಹಂಕದ ವಾಯುಪಡೆ ನೆಲೆ, ಕೆಂಪೇಗೌಡ ವಿಮಾನ ನಿಲ್ದಾಣ, ಎಚ್‌ಎಎಲ್ ಮೂರೂ ಇವೆ. ಅಂಥ ಆಕಾಶದಲ್ಲಿ ಒಂದು ಲೆವೆಲ್, ಅಂದರೆ ಹಾರಬೇಕಾದ ಎತ್ತರ, ತಪ್ಪಾಗಿ ಕೇಳಿಸಿಕೊಂಡರೆ ಸರಿಪಡಿಸಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ.

ಸ್ಕಿಲ್ ಟೆಸ್ಟಿನ ದಿನ ಏನಾಗುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡೋಣ. ವಿಟಿ-ಎಬಿಸಿ ಎಂಬ ಸೆಸ್ನಾ 172 ಮೈಸೂರಿನ ಏಪ್ರನ್ನಿನಲ್ಲಿ ನಿಂತಿದೆ ಎಂದುಕೊಳ್ಳಿ. ಮೊದಲ ಕರೆಯಲ್ಲಿ ಇರಬೇಕಾದ್ದು ಎರಡೇ: ಯಾರನ್ನು ಕರೆಯುತ್ತಿದ್ದೇವೆ, ನಾವು ಯಾರು. ‘ಮೈಸೂರು ಟವರ್, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ.’ ಟವರ್ ಓಗೊಟ್ಟ ಮೇಲೆ ವಿಮಾನದ ಮಾದರಿ, ನಿಂತಿರುವ ಜಾಗ, ಬೇಕಾದ್ದು ಏನು ಎಂಬುದು. ಗಾಬರಿಯಾದವರು ಟವರ್ ಉತ್ತರಿಸುವ ಮೊದಲೇ ಇಡೀ ಕಥೆ ಹೇಳಿಬಿಡುತ್ತಾರೆ. ಟವರ್ ಆಗ ಲ್ಯಾಂಡ್‌ಲೈನಿನಲ್ಲಿ ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರೆ ಎಲ್ಲವನ್ನೂ ಮತ್ತೆ ಹೇಳಬೇಕು. ಕರೆಚಿಹ್ನೆಯನ್ನು ಮೊಟಕು ಮಾಡುವುದರಲ್ಲೂ ಕ್ರಮವಿದೆ. ಟವರ್ ಮೊದಲು ‘ವಿಕ್ಟರ್ ಬ್ರಾವೋ ಚಾರ್ಲಿ’ ಎಂದು ಮೊದಲ ಅಕ್ಷರ, ಕೊನೆಯ ಎರಡಕ್ಷರ ಹಿಡಿದು ಕರೆದ ಮೇಲಷ್ಟೇ ಪೈಲಟ್ ಹಾಗೆ ಹೇಳಿಕೊಳ್ಳಬಹುದು. ಒಂದೇ ಶಾಲೆಯ ವಿಮಾನಗಳ ಹೆಸರಿನ ಕೊನೆ ಒಂದನ್ನೊಂದು ಹೋಲುವುದುಂಟು, ಆ ಗೊಂದಲ ತಪ್ಪಿಸಲು ಈ ಎಚ್ಚರಿಕೆ.

ಈಗ ಟವರ್ ಹೇಳುತ್ತದೆ: ‘ವಿಕ್ಟರ್ ಬ್ರಾವೋ ಚಾರ್ಲಿ, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ರನ್‌ವೇ ಟೂ ಸೆವೆನ್, ವಿಂಡ್ ಟೂ ಫೈಫ್ ಜೀರೋ ಡಿಗ್ರೀಸ್ ಏಯ್ಟ್ ನಾಟ್ಸ್, ಕ್ಯೂಎನ್‌ಎಚ್ ವನ್ ಜೀರೋ ವನ್ ಫೋವರ್.’ ಇದರಲ್ಲಿ ತಿರುಗಿ ಓದಬೇಕಾದ್ದು (ರೀಡ್‌ಬ್ಯಾಕ್), ಅಂದರೆ ಟವರಿಗೆ ಹಾಗೇ ಮರಳಿ ಹೇಳಬೇಕಾದ್ದು, ಯಾವುದು? ಹೋಲ್ಡಿಂಗ್ ಪಾಯಿಂಟ್ (ರನ್‌ವೇಗೆ ಮೊದಲು ನಿಲ್ಲುವ ಜಾಗ), ರನ್‌ವೇ, ಕ್ಯೂಎನ್‌ಎಚ್ (ಎತ್ತರ ತೋರಿಸುವ ಆಲ್ಟಿಮೀಟರಿಗೆ ಹಾಕುವ ಒತ್ತಡದ ಅಂಕಿ). ಗಾಳಿಯನ್ನು ಓದಬೇಕಿಲ್ಲ. ಗಾಳಿಯನ್ನೂ ಅಚ್ಚುಕಟ್ಟಾಗಿ ಒಪ್ಪಿಸಿ ಕ್ಯೂಎನ್‌ಎಚ್ ಮರೆಯುವವರು ನಿಯಮವನ್ನು ಬಾಯಿಪಾಠ ಮಾಡಿದ್ದಾರೆ, ಕಾರಣ ತಿಳಿದಿಲ್ಲ ಎಂದೇ ಅರ್ಥ. ತಪ್ಪಾಗಿ ಕೇಳಿದರೆ ಡಿಕ್ಕಿಗೆ ದಾರಿಯಾಗುವಂಥದ್ದನ್ನೆಲ್ಲ ತಿರುಗಿ ಓದಲೇಬೇಕು: ಮಾರ್ಗದ ಕ್ಲಿಯರೆನ್ಸ್ (ಅನುಮತಿ), ರನ್‌ವೇಗೆ ಪ್ರವೇಶ, ಅದನ್ನು ದಾಟುವುದು, ಅದರ ಮೇಲೆ ಹಿಂದಕ್ಕೆ ಟ್ಯಾಕ್ಸಿ ಮಾಡುವುದು, ಅದಕ್ಕೆ ಮೊದಲೇ ನಿಲ್ಲುವುದು, ಟೇಕ್-ಆಫ್, ಲ್ಯಾಂಡಿಂಗ್, ಬಳಕೆಯಲ್ಲಿರುವ ರನ್‌ವೇ, ಆಲ್ಟಿಮೀಟರ್ ಸೆಟ್ಟಿಂಗ್, ಟ್ರಾನ್ಸ್‌ಪಾಂಡರ್ (ರೇಡಾರಿಗೆ ಗುರುತು ಕಳಿಸುವ ಉಪಕರಣ) ಕೋಡ್, ಲೆವೆಲ್, ಹೆಡ್ಡಿಂಗ್, ವೇಗ, ಟ್ರಾನ್ಸಿಷನ್ ಲೆವೆಲ್. ‘ರಾಜರ್’ ಎಂದರೆ ನಿಮ್ಮ ಮಾತು ಪೂರ್ತಿ ಕೇಳಿಸಿತು ಎಂದಷ್ಟೇ. ಒಪ್ಪಿಗೆಗೆ ‘ಅಫರ್ಮ್’, ಹೇಳಿದಂತೆ ಮಾಡುತ್ತೇನೆ ಎನ್ನಲು ‘ವಿಲ್ಕೋ’. ರೀಡ್‌ಬ್ಯಾಕ್ ಬೇಕಾದ ಕಡೆ ಈ ಮೂರರಲ್ಲಿ ಯಾವುದೂ ಸಾಲದು.

ಇನ್ನೂ ಕಷ್ಟದ್ದು ಷರತ್ತಿನ ಕ್ಲಿಯರೆನ್ಸ್. ಇಳಿಯುವ ಕೊನೆಯ ನೇರ ಹಾದಿಯಲ್ಲಿ, ಅಂದರೆ ಫೈನಲ್‌ನಲ್ಲಿ, ಎಟಿಆರ್ ಪ್ರಯಾಣಿಕ ವಿಮಾನ ಬರುತ್ತಿದೆ. ಟವರ್ ಹೇಳುತ್ತದೆ: ‘ವಿಕ್ಟರ್ ಬ್ರಾವೋ ಚಾರ್ಲಿ, ಬಿಹೈಂಡ್ ದಿ ಲ್ಯಾಂಡಿಂಗ್ ಎಟಿಆರ್, ಲೈನ್ ಅಪ್ ರನ್‌ವೇ ಟೂ ಸೆವೆನ್ ಬಿಹೈಂಡ್.’ ಆ ಎಟಿಆರ್ ಇಳಿದು ಮುಂದೆ ಹೋದ ಮೇಲೆ ಅದರ ಹಿಂದೆ ರನ್‌ವೇಗೆ ಬಂದು ನಿಲ್ಲು ಎಂದರ್ಥ. ಕೊನೆಯಲ್ಲಿ ‘ಬಿಹೈಂಡ್’ ಮತ್ತೆ ಬರುವುದು ಅಲಂಕಾರಕ್ಕಲ್ಲ. ಮೊದಲ ತುಣುಕು ಗದ್ದಲದಲ್ಲಿ ಕಳೆದುಹೋದರೂ ಷರತ್ತು ಕಿವಿಗೆ ಬೀಳಲಿ ಎಂದು. ‘ಲೈನಿಂಗ್ ಅಪ್ ಟೂ ಸೆವೆನ್’ ಎಂದಷ್ಟೇ ಉತ್ತರಿಸಿದವರು ಷರತ್ತನ್ನೇ ಬಿಟ್ಟಿದ್ದಾರೆ. ಅಲ್ಲಿ ಪರೀಕ್ಷಕರು ಬ್ರೇಕಿನ ಮೇಲೆ ಕಾಲಿಡಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಪರೀಕ್ಷಕರಿಗೆ ದೊಡ್ಡ ಸಂದಿಗ್ಧ. ಹಾರಾಟ ಚೆನ್ನಾಗಿದೆ, ಸ್ಟಾಲ್ ರಿಕವರಿ ಚೆನ್ನಾಗಿದೆ, ಫೋರ್ಸ್ಡ್ ಲ್ಯಾಂಡಿಂಗ್ ಚೆನ್ನಾಗಿದೆ. ಮಾತು ಮಾತ್ರ ಅಪಾಯಕಾರಿ. ರೇಡಿಯೋ ಪರೀಕ್ಷೆ ಬೇರೆಯೇ ಇದೆಯಲ್ಲ, ಅಲ್ಲಿ ಹಿಡಿಯುತ್ತಾರೆ ಎಂದು ಹಾರಾಟದ ಪರೀಕ್ಷಕರು ಬಿಡುತ್ತಾರೆ. ರೇಡಿಯೋ ಪರೀಕ್ಷೆಯ ಮೇಜಿನ ಮುಂದೆ ಅದೇ ಅಭ್ಯರ್ಥಿ ಪುಸ್ತಕದ ಉತ್ತರ ಒಪ್ಪಿಸಿ ಪಾಸಾಗುತ್ತಾರೆ. ಎರಡು ಜರಡಿಗಳ ನಡುವೆ ತಪ್ಪು ಹಾಗೇ ಜಾರಿಹೋಗುತ್ತದೆ.

ಈ ನಿಯಮಗಳ ಹಿಂದೆ ಸಾವುಗಳಿವೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರು. ಕೆಎಲ್‌ಎಂ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲಿನ ಮಾರ್ಗದ ಕ್ಲಿಯರೆನ್ಸ್ ಮಾತ್ರ, ಅದನ್ನು ಹಿಡಿದು ಅವರು ಓಟ ಆರಂಭಿಸಿದರು. ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂಬ ಪ್ಯಾನ್ ಆಮ್ ವಿಮಾನದ ಮಾತೂ ಟವರಿನ ಮಾತೂ ಒಂದೇ ಕ್ಷಣಕ್ಕೆ ಪ್ರಸಾರವಾಗಿ, ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೀರಲು ಸದ್ದಾಗಿ ಕೇಳಿಸಿತು. ವಿಹೆಚ್‌ಎಫ್ ವಿಮಾನ ರೇಡಿಯೋ ಇಂದಿಗೂ ಎಎಂ ಪ್ರಸಾರವೇ, ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಇಂದಿಗೂ ಅದೇ ಕೀರಲು. ‘ಟೇಕ್-ಆಫ್’ ಎಂಬ ಪದ ಟೇಕ್-ಆಫ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಾಯಿಗೆ ಬರಬೇಕು, ಮಿಕ್ಕೆಲ್ಲ ಕಡೆ ‘ಡಿಪಾರ್ಚರ್’ ಎನ್ನಬೇಕು ಎಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಇದರಿಂದಲೇ. 1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’ ಎಂದು ಹೇಳಲಾಯಿತು. ‘ಟೂ’ ಎಂಬ ಅಂಕಿ ‘ಗೆ’ ಎಂಬರ್ಥದ ‘ಟು’ ಆಗಿ ಕೇಳಿ, ಸಿಬ್ಬಂದಿ 400 ಅಡಿ ಎಂದು ತಿಳಿದರು, ಹಾಗೇ ತಿರುಗಿ ಓದಿದರು, ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ತೀರಿಕೊಂಡರು.

ನಮ್ಮದೇ ನೆಲದ್ದು ಹರಿಯಾಣದ ಚರ್ಖಿ ದಾದ್ರಿ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿಯಾ 747, ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್-76 ಎದುರುಬದುರಾಗಿ ಬಡಿದು 349 ಜನ ಪ್ರಾಣ ಕಳೆದುಕೊಂಡರು. ಇಳಿಯುವ ವಿಮಾನಕ್ಕೆ 15,000 ಅಡಿ, ಏರುವ ವಿಮಾನಕ್ಕೆ 14,000 ಅಡಿ ಎಂದು ಕಂಟ್ರೋಲರ್ ಸರಿಯಾಗಿಯೇ ಹೇಳಿದ್ದರು. ಕಜಕ್ ಕಾಕ್‌ಪಿಟ್ಟಿನಲ್ಲಿ ಮಾತಿಗೆ ಅವಲಂಬಿಸಿದ್ದು ರೇಡಿಯೋ ಆಪರೇಟರ್ ಒಬ್ಬರನ್ನು, ವಿಮಾನ ಹಾರಿಸುತ್ತಿದ್ದವರು ಬೇರೆ. ಆ ವಿಮಾನ ತನಗೆ ಕೊಟ್ಟ ಮಟ್ಟದಿಂದ ಕೆಳಗಿಳಿದಿತ್ತು. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ವಿಚಾರಣೆ ನಡೆದ ಮೇಲೆ ದೆಹಲಿಯಲ್ಲಿ ಬರುವ, ಹೋಗುವ ವಿಮಾನಗಳ ದಾರಿ ಬೇರೆಯಾಯಿತು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಹಾರಿಸುವ ಕೈಗೂ ಮಾತಾಡುವ ಬಾಯಿಗೂ ನಡುವೆ ಬಿರುಕಿದ್ದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾರಾಟ ಮತ್ತು ರೇಡಿಯೋ ಪರೀಕ್ಷೆಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ನಡೆಸುವಾಗ ಅಂಥದೇ ಬಿರುಕನ್ನು ತರಬೇತಿಯೊಳಗೆ ಬಿಟ್ಟುಕೊಂಡಿರುತ್ತೇವೆ.

ನಮ್ಮ ಮಾತಿನ ಅಭ್ಯಾಸಗಳಿಗೂ ಪರೀಕ್ಷೆಯಲ್ಲಿ ಜಾಗ ಬೇಕು. ಫೋನ್ ನಂಬರ್ ಹೇಳುವಾಗ ‘ಡಬಲ್ ಫೈವ್’, ‘ಟ್ರಿಪಲ್ ಸೆವೆನ್’ ಎನ್ನುವುದು ನಮಗೆಲ್ಲ ರೂಢಿ. ಟ್ರಾನ್ಸ್‌ಪಾಂಡರ್ ಕೋಡ್ 4551 ಸಿಕ್ಕಾಗ ಅದೇ ರೂಢಿ ‘ಫೋರ್ ಡಬಲ್ ಫೈವ್ ವನ್’ ಎಂದು ಹೊರಬರುತ್ತದೆ. ಅಂಕಿಗಳನ್ನು ಒಂದೊಂದಾಗಿಯೇ ಹೇಳಬೇಕು: ‘ಫೋವರ್ ಫೈಫ್ ಫೈಫ್ ವನ್’. ‘ಫೈವ್’ ಮತ್ತು ‘ನೈನ್’ ಗದ್ದಲದಲ್ಲಿ ಒಂದೇ ಥರ ಕೇಳುವುದರಿಂದ ‘ಫೈಫ್’, ‘ನೈನರ್’ ಎನ್ನುತ್ತೇವೆ. ಹಳೇ ಮೈಸೂರು ಕಡೆಯವರಲ್ಲಿ ಕೆಲವರಿಗೆ ‘ಹ’ ಸುಲಭವಾಗಿ ಹೊರಡದು, ‘ಹೋಟೆಲ್’ ‘ಓಟೆಲ್’ ಆಗುತ್ತದೆ. ಪದದ ಕೊನೆಗೆ ಉಕಾರ ಸೇರಿಸಿ ‘ಲೆಫ್ಟು’, ‘ರೈಟು’ ಎನ್ನುವುದು ಎಲ್ಲ ಕಡೆಯವರಿಗೂ ಇದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ರೆಕಾರ್ಡ್ ಮಾಡಿ ಕೇಳಿಸಿದರೆ ಬೇಗ ಸರಿಹೋಗುತ್ತದೆ. ಪರೀಕ್ಷೆ ಕೊನೆಗಿದ್ದರೆ ಆ ತಿದ್ದುಪಡಿಗೆ ಪುರುಸೊತ್ತು ಇರುವುದಿಲ್ಲ, ಅಷ್ಟೆ.

ರೇಡಿಯೋ ಕೆಟ್ಟಾಗ ಏನು ಮಾಡಬೇಕೆಂಬುದು ಪರೀಕ್ಷೆಯಲ್ಲಿ ಹೆಚ್ಚಾಗಿ ಬಾಯಿಪಾಠದ ಪ್ರಶ್ನೆಯಾಗಿಯೇ ಉಳಿದಿದೆ. ರೇಡಿಯೋ ಕೆಟ್ಟಿದೆ ಎಂದು ಸೂಚಿಸುವ ಟ್ರಾನ್ಸ್‌ಪಾಂಡರ್ ಕೋಡ್ 7600 ಎಂದು ಹೇಳಿದರೆ ಮುಗಿಯಿತು. ತರಬೇತಿ ವಿಮಾನದಲ್ಲಿ ಸದ್ದು ನಿಲ್ಲುವುದಕ್ಕೆ ಬಹಳಷ್ಟು ಸಲ ಕಾರಣ ಸಣ್ಣದು. ಹೆಡ್‌ಸೆಟ್ಟಿಗೆ ಎರಡು ಪ್ಲಗ್, ದಪ್ಪಗಿನದು ಕಿವಿಗೆ, ತೆಳ್ಳಗಿನದು ಮೈಕಿಗೆ. ತೆಳ್ಳಗಿನದು ಅರ್ಧ ಹೊರಬಂದಿದ್ದರೆ ಎಲ್ಲವೂ ಕೇಳಿಸುತ್ತದೆ, ನಮ್ಮ ಮಾತು ಮಾತ್ರ ಹೊರಗೆ ಹೋಗುವುದಿಲ್ಲ. ಆಡಿಯೋ ಪ್ಯಾನೆಲ್ಲಿನ ಸೆಲೆಕ್ಟರ್ ಕಾಮ್ 2ಕ್ಕೆ ತಿರುಗಿರಬಹುದು, ಗದ್ದಲ ತಡೆಯುವ ಸ್ಕ್ವೆಲ್ಚ್ ಹೆಚ್ಚಾಗಿರಬಹುದು ಅಥವಾ ವಾಲ್ಯೂಮ್ ತಗ್ಗಿರಬಹುದು, ಸರ್ಕ್ಯೂಟ್ ಬ್ರೇಕರ್ ಹೊರಗೆ ನೆಗೆದಿರಬಹುದು. ಇವೆಲ್ಲ ನೋಡಿದ ಮೇಲೆ ಹಿಂದಿನ ಫ್ರೀಕ್ವೆನ್ಸಿಗೆ ಮರಳಿ ಕರೆಯಬೇಕು, ಕೈ ಮೈಕ್ ಇದ್ದರೆ ಅದನ್ನೂ ಬಳಸಿ ನೋಡಬೇಕು. ಇದಕ್ಕಿಂತ ಕೆಟ್ಟದ್ದು ಬಟನ್ ಒತ್ತಿದಲ್ಲೇ ಸಿಕ್ಕಿಬೀಳುವುದು. ನಮಗೆ ಯಾರೂ ಕೇಳಿಸುವುದಿಲ್ಲ, ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಮಾತಾಡಲಾರರು. ರೇಡಿಯೋ ಮುಖದ ಮೇಲೆ ಪ್ರಸಾರದ ಗುರುತು ಉರಿಯುತ್ತಲೇ ಇದೆಯೇ ಎಂದು ನೋಡಿ ಮೈಕ್ ಪ್ಲಗ್ ಕಿತ್ತು, ಅದಕ್ಕೂ ಗುರುತು ಆರದಿದ್ದರೆ ರೇಡಿಯೋವನ್ನೇ ಆಫ್ ಮಾಡಿದರೆ, ಸರ್ಕ್ಯೂಟಿನಲ್ಲಿ, ಅಂದರೆ ನಿಲ್ದಾಣದ ಸುತ್ತ, ಹಾರುತ್ತಿರುವವರೆಲ್ಲ ಉಸಿರಾಡುತ್ತಾರೆ.

ನಿಜವಾಗಿಯೇ ಕೆಟ್ಟಿದ್ದರೆ, ಕಣ್ಣಿಗೆ ನೆಲ ಕಾಣುವ ವಾತಾವರಣದಲ್ಲೇ ಮುಂದುವರಿದು ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿದು, ಇಳಿದ ಸುದ್ದಿಯನ್ನು ಕೂಡಲೇ ಮುಟ್ಟಿಸಬೇಕು. ಟವರಿನ ದೀಪಗಳನ್ನು ಓದಲು ಬರಬೇಕು. ಗಾಳಿಯಲ್ಲಿರುವಾಗ ಸ್ಥಿರವಾದ ಹಸಿರು ಎಂದರೆ ಇಳಿಯಬಹುದು, ಮಿನುಗುವ ಹಸಿರು ಎಂದರೆ ಇಳಿಯುವುದಕ್ಕೆ ಮರಳಿ ಬಾ, ಸ್ಥಿರವಾದ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು, ಮಿನುಗುವ ಕೆಂಪು ಎಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ. ಹಗಲಲ್ಲಿ ರೆಕ್ಕೆ ಓಲಾಡಿಸಿ ಉತ್ತರ ಕೊಡಬೇಕು. ಇದನ್ನು ಕಾಗದದ ಮೇಲೆ ಕೇಳುವ ಬದಲು, ಪರೀಕ್ಷೆಯ ಮಧ್ಯೆ ಸದ್ದಿಲ್ಲದೆ ಆಡಿಯೋ ಕಡಿದು ಅಭ್ಯರ್ಥಿಯ ಕೈ ಎಲ್ಲಿಗೆ ಹೋಗುತ್ತದೆ ನೋಡಿ.

ಪ್ರಾಣಾಪಾಯದಲ್ಲಿ ಕೂಗುವ ಮೇಡೇ ಕರೆಯದೂ ಅದೇ ಕಥೆ. ಮೂರು ಸಲ ‘ಮೇಡೇ’, ಕರೆಯುವ ಸ್ಟೇಷನ್, ಕರೆಚಿಹ್ನೆ, ಏನಾಗಿದೆ, ಏನು ಮಾಡುತ್ತೇನೆ, ಎಲ್ಲಿದ್ದೇನೆ, ಎಷ್ಟು ಎತ್ತರ, ಯಾವ ಹೆಡ್ಡಿಂಗ್. ಕ್ರಮ ಎಲ್ಲರಿಗೂ ಗೊತ್ತು. ಆದರೆ ಇಂಜಿನ್ ನಿಂತಾಗ ಮೊದಲ ಕೆಲಸ ಗ್ಲೈಡ್ ವೇಗಕ್ಕೆ ಮೂಗು ಇಳಿಸುವುದು, ಎರಡನೆಯದು ಇಳಿಯುವ ಹೊಲ ಆರಿಸುವುದು. ಮಾತು ಆಮೇಲೆ. ಮೇಜಿನ ಮುಂದೆ ಕೂತು ಮೇಡೇ ಒಪ್ಪಿಸಿದವರಿಗೆ ಈ ಕ್ರಮ ಕೈಗೆ ಹತ್ತಿರುವುದಿಲ್ಲ. ರೇಡಿಯೋ ಪರೀಕ್ಷೆ ಮೊದಲೇ ಮುಗಿದಿದ್ದರೆ ಸ್ಕಿಲ್ ಟೆಸ್ಟಿನ ಫೋರ್ಸ್ಡ್ ಲ್ಯಾಂಡಿಂಗ್ ಅಭ್ಯಾಸದಲ್ಲಿ ಪರೀಕ್ಷಕರು ಎರಡನ್ನೂ ಒಟ್ಟಿಗೆ ಕೇಳಬಹುದು, ಬಟನ್ ಒತ್ತದೆ ಬಾಯಲ್ಲೇ ಹೇಳಿಸಬಹುದು.

ಮೌಖಿಕ ಪರೀಕ್ಷೆಯ ಸಿದ್ಧಾಂತವನ್ನು ನಾವು ಅಲ್ಲಗಳೆಯುತ್ತಿಲ್ಲ, ಅದು ನೆಲಕ್ಕೆ ತಾಗಿರಲಿ ಎನ್ನುತ್ತಿದ್ದೇವೆ. ವಿಹೆಚ್‌ಎಫ್ ಎಷ್ಟು ದೂರ ಮುಟ್ಟುತ್ತದೆ ಎಂಬ ಪ್ರಶ್ನೆ ನೋಡಿ. ವಿಮಾನದ ಎತ್ತರ, ಟವರ್ ಆಂಟೆನಾದ ಎತ್ತರ ಎರಡನ್ನೂ ಅಡಿಯಲ್ಲಿ ತೆಗೆದು, ಎರಡರ ವರ್ಗಮೂಲ ಕೂಡಿಸಿ 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿ ಸಿಗುತ್ತದೆ. 2,500 ಅಡಿಗೆ 50, 64 ಅಡಿಯ ಆಂಟೆನಾಗೆ 8, ಒಟ್ಟು 58. ಅಂದರೆ ಸುಮಾರು 71 ಮೈಲಿ. ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಬೆಂಗಳೂರಿನ ಸುತ್ತಲಿನ ನೆಲವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ. ಕ್ಯೂಎನ್‌ಎಚ್ ಹಾಕಿದ ಆಲ್ಟಿಮೀಟರ್ 5,500 ತೋರಿಸಿದಾಗ ಲೆಕ್ಕಕ್ಕೆ ಬರುವುದು 2,500 ಮಾತ್ರ. 3,900 ತೋರಿಸುವಾಗ ಇರುವುದು 900 ಅಡಿ, ವ್ಯಾಪ್ತಿ 47 ಮೈಲಿಯ ಆಸುಪಾಸಿಗೆ ಇಳಿಯುತ್ತದೆ, ನಂದಿಬೆಟ್ಟದಂಥ ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಪ್ರಶ್ನೆಯನ್ನು ಹೀಗೆ ಕೇಳಿದರೆ ಅಭ್ಯರ್ಥಿಗೆ ಅರ್ಥವಾಗಿದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಬೇರೆ ದೇಶಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಬ್ರಿಟನ್ನಿನಲ್ಲಿ ಪಿಪಿಎಲ್‌ನ ಒಂಬತ್ತು ಲಿಖಿತ ವಿಷಯಗಳಲ್ಲಿ ಕಮ್ಯುನಿಕೇಷನ್ಸ್ ಒಂದು. ಪ್ರಾಯೋಗಿಕ ಪರೀಕ್ಷೆಯನ್ನು ಪ್ರಾಧಿಕಾರ ಒಪ್ಪಿದ ರೇಡಿಯೋ ಪರೀಕ್ಷಕರು ಫ್ಲೈಯಿಂಗ್ ಕ್ಲಬ್ಬಿನಲ್ಲೇ ಹೆಡ್‌ಸೆಟ್ ಹಾಕಿಸಿ, ಕಲ್ಪಿತ ಮಾರ್ಗವೊಂದನ್ನು ಕೊಟ್ಟು ನಡೆಸುತ್ತಾರೆ. ಓದಬೇಕಾದ ಕೈಪಿಡಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅಮೆರಿಕದಲ್ಲಿ ದೇಶದೊಳಗಿನ ಹಾರಾಟಕ್ಕೆ ಬೇರೆ ರೇಡಿಯೋ ಲೈಸೆನ್ಸೇ ಬೇಡ, ಹೊರದೇಶಕ್ಕೆ ಹೋಗುವವರು ಪರೀಕ್ಷೆಯಿಲ್ಲದೆ ಸಿಗುವ ಪರ್ಮಿಟ್ ಪಡೆಯುತ್ತಾರೆ, ಮಾತಿನ ಪರೀಕ್ಷೆಯೆಲ್ಲ ಹಾರಾಟದ ಪರೀಕ್ಷೆಯೊಳಗೇ. ಅಲ್ಲಿ ಕಲಿತು ಬರುವ ನಮ್ಮ ಹುಡುಗ ಹುಡುಗಿಯರು ‘ಡೆಸಿಮಲ್’ ಬದಲು ‘ಪಾಯಿಂಟ್’ ಎನ್ನುತ್ತಾರೆ, ಹೆಕ್ಟೋಪಾಸ್ಕಲ್ ಬದಲು ಇಂಚಿನಲ್ಲಿ ಒತ್ತಡ ನಿರೀಕ್ಷಿಸುತ್ತಾರೆ. ಅಮೆರಿಕದ ದಾರಿ ನಮಗೆ ಹೊಂದುತ್ತದೆ ಎಂದು ನಾವು ಹೇಳುವುದಿಲ್ಲ. ಬ್ರಿಟನ್ನಿನ ದಾರಿ ಹೊಂದುತ್ತದೆ.

ಹಾಗಾಗಿ ನಮ್ಮ ಕೋರಿಕೆಗಳನ್ನು ಬಿಡಿಸಿ ಹೇಳುತ್ತೇವೆ. ವರ್ಷದ ರೇಡಿಯೋ ಪರೀಕ್ಷೆಯ ವೇಳಾಪಟ್ಟಿ ಜನವರಿಯಲ್ಲೇ ಪ್ರಕಟವಾಗಲಿ. ಬೆಂಗಳೂರು, ಮೈಸೂರು, ಕಲಬುರಗಿ, ಬೆಳಗಾವಿ, ಹೀಗೆ ತರಬೇತಿ ನಡೆಯುವ ಊರುಗಳಿಗೇ ಪರೀಕ್ಷಕರು ಬರಲಿ. ವಾಯು ಸಂಚಾರ ನಿಯಂತ್ರಣದಲ್ಲಿ ದುಡಿದು ನಿವೃತ್ತರಾದವರಲ್ಲಿ ಅರ್ಹರನ್ನು ಆರಿಸಿ ಅಧಿಕಾರ ಕೊಟ್ಟರೆ ಪರೀಕ್ಷಕರ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಪ್ರಾಯೋಗಿಕ ಪರೀಕ್ಷೆ ಹೆಡ್‌ಸೆಟ್, ಬಟನ್, ಹಿನ್ನೆಲೆಯ ಬೇರೆ ವಿಮಾನಗಳ ಮಾತು ಇವುಗಳ ನಡುವೆ ನಡೆಯಲಿ, ಅದರ ಧ್ವನಿಮುದ್ರಣ ಉಳಿಯಲಿ. ಫೇಲಾದವರಿಗೆ ‘ಅನುತ್ತೀರ್ಣ’ ಎಂಬ ಒಂದೇ ಪದದ ಬದಲು ಎಲ್ಲಿ ಎಡವಿದರು ಎಂಬ ಹಾಳೆ ಸಿಗಲಿ: ರೀಡ್‌ಬ್ಯಾಕ್ ಬಿಟ್ಟರೋ, ಅಂಕಿ ತಪ್ಪಿದರೋ, ಪ್ರಾಣಾಪಾಯದ ಮೇಡೇ ಮತ್ತು ಬರಿಯ ತುರ್ತಿನ ಪ್ಯಾನ್ ಪ್ಯಾನ್ ನಡುವಿನ ವ್ಯತ್ಯಾಸ ತಿಳಿಯಲಿಲ್ಲವೋ. ಪ್ರಾಯೋಗಿಕ ಭಾಗದಲ್ಲಿ ಪಾಸಾಗಿ ಮೌಖಿಕದಲ್ಲಿ ಹಿಂದೆ ಬಿದ್ದವರು ಅದೊಂದನ್ನೇ ಮತ್ತೆ ಕೊಡುವಂತಾಗಲಿ. ಇವೆಲ್ಲ ನೆಲೆ ನಿಂತ ಮೇಲೆ, ಸ್ಕಿಲ್ ಟೆಸ್ಟಿನ ನಮೂನೆಯಲ್ಲಿ ರೇಡಿಯೋ ಪರೀಕ್ಷೆ ಪಾಸಾದ ದಿನಾಂಕ ಬರೆಯುವ ಒಂದು ಸಾಲು ಸೇರಿಸಿ, ಅದು ಖಾಲಿಯಿದ್ದರೆ ವಿಮಾನ ಹೊರಡಬಾರದು ಎಂದು ಮಾಡಿ. ಈಗಾಗಲೇ ಅರ್ಧ ದಾರಿಯಲ್ಲಿರುವವರಿಗೆ ಒಂದಷ್ಟು ಕಾಲಾವಕಾಶ ಬೇಕೇ ಬೇಕು.

ಮುಖ್ಯ ಬೋಧಕರಲ್ಲಿ ಒಂದು ಮಾತು. ಇದಕ್ಕೆ ಆದೇಶ ಬರುವ ತನಕ ಕಾಯಬೇಕಿಲ್ಲ. ಮೊದಲ ಸೋಲೋಗೆ (ಒಬ್ಬಂಟಿ ಹಾರಾಟಕ್ಕೆ) ಮೊದಲು ಸರ್ಕ್ಯೂಟಿನ ಎಲ್ಲ ಕರೆಗಳು, ಮೊದಲ ಸೋಲೋ ಕ್ರಾಸ್-ಕಂಟ್ರಿಗೆ ಮೊದಲು ಇಡೀ ಆರ್‌ಟಿಆರ್ ಪಠ್ಯ ಎಂದು ಶಾಲೆಯೊಳಗೇ ನಿಯಮ ಮಾಡಿಕೊಳ್ಳಬಹುದು. ಇದಕ್ಕೆ ಬೇಕಾಗುವುದು ಎರಡು ಹೆಡ್‌ಸೆಟ್, ಒಂದು ಪೋರ್ಟಬಲ್ ಇಂಟರ್‌ಕಾಮ್, ಗೋಡೆಗೆ ಹಚ್ಚಿದ ಒಂದು ನಕ್ಷೆ. ಒಬ್ಬರು ಟವರ್, ಒಬ್ಬರು ಪೈಲಟ್, ಬೆನ್ನಿಗೆ ಬೆನ್ನು ಮಾಡಿ ಕೂರಬೇಕು. ಮುಖ ಕಂಡರೆ ತುಟಿ ಓದುವ ಸೌಲಭ್ಯ ಸಿಕ್ಕಿಬಿಡುತ್ತದೆ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಆರಂಭಿಸುವುದನ್ನು ಮೊದಲ ದಿನವೇ ಕಲಿಸಿ, ಇಲ್ಲದಿದ್ದರೆ ಕರೆಚಿಹ್ನೆಯ ಮೊದಲಕ್ಷರ ಪ್ರಸಾರವಾಗುವುದೇ ಇಲ್ಲ. ವೇಗ ನಿಮಿಷಕ್ಕೆ ನೂರು ಪದ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಣಿಸಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಅದನ್ನು ಸಲೀಸಾಗಿ ಮೀರುವುದು ತಿಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ರೇಡಿಯೋಗೆ ಹೆದರುವುದನ್ನು ಬೋಧಕರೆಲ್ಲ ಬಲ್ಲರು. ಇಂಗ್ಲಿಷ್ ಚೆನ್ನಾಗಿ ಬಂದ ಮೇಲೆ ಆರ್‌ಟಿಆರ್ ಎಂದು ಅವರು ಪರೀಕ್ಷೆಯನ್ನು ತಾವಾಗಿ ಮುಂದೂಡುತ್ತಾರೆ. ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಭಾಷಾ ಪ್ರಾವೀಣ್ಯದ ಪರೀಕ್ಷೆ ಬೇರೆ, ಅದರಲ್ಲಿ ಲೆವೆಲ್ 4 ಬೇಕು, ಸಾಮಾನ್ಯ ಇಂಗ್ಲಿಷಿನಲ್ಲಿ ಅನಿರೀಕ್ಷಿತ ಪರಿಸ್ಥಿತಿಯನ್ನು ವಿವರಿಸಲು ಬರುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ. ರೇಡಿಯೋ ಪರೀಕ್ಷೆಯಲ್ಲಿ ನೋಡುವುದು ಗೊತ್ತುಪಡಿಸಿದ ಪದಗಳನ್ನು ಗೊತ್ತುಪಡಿಸಿದ ಜಾಗದಲ್ಲಿ ಬಳಸುವುದನ್ನು. ಆ ಪದಗಳು ಕೆಲವೇ ನೂರು. ನಿರರ್ಗಳವಾಗಿ ಇಂಗ್ಲಿಷ್ ಮಾತಾಡುವವರು ‘ವಿ ಆರ್ ಜಸ್ಟ್ ಅಬೌಟ್ ರೆಡಿ ಟು ಗೋ’ ಎಂದು ಸಿಕ್ಕಿಬೀಳುವ ಕಡೆ, ‘ರೆಡಿ ಫಾರ್ ಡಿಪಾರ್ಚರ್’ ಎಂದು ಮೂರೇ ಪದ ಕಲಿತವರು ಸರಾಗವಾಗಿ ಪಾಸಾಗುತ್ತಾರೆ. ದಯವಿಟ್ಟು ಈ ವಿದ್ಯಾರ್ಥಿಗಳನ್ನು ರೇಡಿಯೋ ಪರೀಕ್ಷೆಗೆ ಮೊದಲ ಬ್ಯಾಚಿನಲ್ಲೇ ಕೂರಿಸಿ, ಕೊನೆಯ ಬ್ಯಾಚಿಗೆ ಬಿಡಬೇಡಿ.

ಈ ಪರೀಕ್ಷೆಯ ನಿಯಮಗಳನ್ನು ಇನ್ನು ಮುಂದೆ ತಿದ್ದುವಾಗ ಕರಡನ್ನು ಪ್ರಕಟಿಸಿ, ಬೋಧಕರಿಂದಲೂ ಕಂಟ್ರೋಲರುಗಳಿಂದಲೂ ಲಿಖಿತ ಅಭಿಪ್ರಾಯ ಕೇಳಿ. ಮೇಲೆ ಹೇಳಿದ ಪ್ರತಿ ಅಂಶಕ್ಕೂ ಮಾದರಿ ಪ್ರಶ್ನೆಗಳನ್ನು, ಅಂಕ ಕೊಡುವ ಹಾಳೆಯ ಕರಡನ್ನು ಸಿದ್ಧಪಡಿಸಿ ಕೊಡಲು ನಾವು ತಯಾರಿದ್ದೇವೆ.

ವಿಶ್ವಾಸದಿಂದ,
ಹಾರಾಟ ಮತ್ತು ರೇಡಿಯೋ ಕಲಿಸುವ ಕೆಲವು ಕನ್ನಡಿಗರು